ಹಿಂದಿನ ಮೇಜಿನ ಸುಕುಮಾರಿಯರು

ಮಾರ್ಚ್ 3, ಸೋಮವಾರ

ನನ್ನ ಗಡೀಪಾರು ಇಂದಿನಿಂದ ಅಧಿಕೃತವಾಗಿ ಜಾರಿಗೆ ಬಂದಿದೆ. ಕಾರಣವೂ ದಾಖಲಾಗಿರಲಿ. ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ನಾನು ಒಂದು ಕಾಗದ ಅಂಟಿಸಿದ್ದೆ: "ಮೆಟ್ಟಿಲುಗಳ ಸವಕಳಿ ತಡೆಯುವ ಸಲುವಾಗಿ, ನಿವಾಸಿಗಳು ಇಂದಿನಿಂದ ಒಂದು ಬಿಟ್ಟು ಒಂದು ಮೆಟ್ಟಿಲನ್ನು ಮಾತ್ರ ತುಳಿಯತಕ್ಕದ್ದು. ಆದೇಶದ ಮೇರೆಗೆ." ಎರಡು ದಿನ ಇಡೀ ಹಾಸ್ಟೆಲ್ಲು ಕೊಕ್ಕರೆಗಳ ಹಿಂಡಿನಂತೆ ಹತ್ತಿ ಇಳಿಯಿತು. ಮೂರನೇ ದಿನ ವಾರ್ಡನ್ ಕೂಡ ಆದೇಶ ಪಾಲಿಸಿದರು. ಅವರ ಮೊಣಕಾಲು ಪಾಲಿಸಲಿಲ್ಲ. ನನಗೆ ಒಂದು ಟರ್ಮು ರಜೆ ಸಿಕ್ಕಿತು, ಕೇಳದೆಯೇ.

ಅಪ್ಪ ಬೈಯಲಿಲ್ಲ, ಅದೇ ಭಯ. "ನಿನ್ನ ಅತ್ತೆಗೆ ಕೈ ಮುರಿದಿದೆ. ನಿನ್ನ ಕೈ ಸುಮ್ಮನಿರಲ್ಲ. ಸರಿ ಹೋಯ್ತು, ಹೊರಡು" ಅಂದರು.

ಹೀಗಾಗಿ ಇಲ್ಲಿದ್ದೇನೆ. ಅತ್ತೆ ಸಸಿ ಬೆಳೆಸಿ ಮಾರುತ್ತಾರೆ. ಮಾವ ಅವನ್ನು ವ್ಯಾನಿನಲ್ಲಿ ಊರೂರಿಗೆ ತಲುಪಿಸುತ್ತಾರೆ. ಎರಡು ರೂಮು, ಒಂದು ಅಡುಗೆಮನೆ, ಅಡುಗೆಮನೆಯ ಹಿಂದೆ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಹಸಿರುಮನೆ. ಅದರೊಳಗಿನ ಪಾಚಿಯ ಮೇಲೇ ಅತ್ತೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು. ಪ್ಲಾಸ್ಟರ್ ಬಿಚ್ಚುವವರೆಗೆ ಒಳಗೆ ಕಾಲಿಡಬಾರದು ಅಂತ ಡಾಕ್ಟರೂ ಮಾವನೂ ಸೇರಿ ತೀರ್ಪು ಕೊಟ್ಟಿದ್ದಾರೆ.

ಮಾವನದು ನಗು ಹುಟ್ಟದ ಮುಖ. ಮಧ್ಯಾಹ್ನ ಆ ಮುಖ ಹೊತ್ತುಕೊಂಡು ಬಂದು, "ಮೇಜು ಸಮ ಇದೆಯಾ ನೋಡ್ಬೇಕಿತ್ತು. ರಸಮಟ್ಟದ ಗಾಜಿನ ನಳಿಗೆಯೊಳಗೆ ಓಡಾಡೋ ಗುಳ್ಳೆ ಸವೆದುಹೋಗಿದೆ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಗುಳ್ಳೆ ತಗೊಂಡು ಬರ್ತೀಯಾ?" ಅಂದರು. ಬಿಸಿಲಿನಲ್ಲಿ ಹೋದೆ. ಅಂಗಡಿಯವನು ಗಂಭೀರವಾಗಿ, "ದುಂಡು ಗುಳ್ಳೆನಾ, ಉದ್ದ ಗುಳ್ಳೆನಾ?" ಅಂದ. ನಾನು "ಉದ್ದ" ಅಂದೆ. ಅಂಗಡಿಯಲ್ಲಿದ್ದ ಐದೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಳ್ಳೆ ಅಂದರೆ ಬರೀ ಗಾಳಿ.

ಒಂದು ಹಾಸ್ಟೆಲ್ಲನ್ನೇ ಕೊಕ್ಕರೆ ಮಾಡಿದ ನಾನು! ಈ ಮನೆಯಲ್ಲಿ ಇನ್ನು ಯಾರ ಮಾತನ್ನೂ ನಂಬುವುದಿಲ್ಲ ಎಂದು ಈ ಮೂಲಕ ಘೋಷಿಸುತ್ತೇನೆ.

ಮಾರ್ಚ್ 4, ಮಂಗಳವಾರ

ಘೋಷಣೆ ಮಾಡಿ ಒಂದು ದಿನ ಆಗಿಲ್ಲ, ಎರಡನೇ ಬಲೆ ಬೀಸಿದ್ದಾರೆ.

ಅತ್ತೆ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಮಲಗಿಸಿ, ರಾಣಿಯ ಹಾಗೆ ಕೂತಿದ್ದರು. ಹಸಿರುಮನೆಯಲ್ಲಿ ಎರಡು ಉದ್ದ ಮೇಜು. ಒಂದೊಂದರ ಮೇಲೆ ಇಪ್ಪತ್ತು ಟ್ರೇ, ಟ್ರೇಗೆ ಇಪ್ಪತ್ತೈದು ಟೊಮೆಟೊ ಸಸಿ. ಎಲ್ಲ ಬೆರಳುದ್ದ. ಒಟ್ಟು ಸಾವಿರ. ಅಷ್ಟೂ ಗುಡ್ಡದ ಮೇಲಿನ ಶಾಲೆಯ ತೋಟಕ್ಕೆ.

"ಎರಡು ವರ್ಷದಿಂದ ನನ್ನ ಸಸಿ ಅಲ್ಲಿ ಗಾಳಿಗೆ ಮಲಗಿಬಿಡ್ತಿವೆ ಕಣೇ. ಮಕ್ಕಳು ಕೈಯಾರೆ ನೆಟ್ಟಿದ್ದು, ಒಂದೇ ಗಾಳಿಗೆ ಚಾಪೆ. ಈ ಸಲವೂ ಬಿದ್ರೆ ತೋಟಕ್ಕೆ ಸಿಮೆಂಟ್ ಹಾಕಿಸಿಬಿಡ್ತೀನಿ ಅಂದಿದ್ದಾರೆ ಅಲ್ಲಿನ ಮೇಡಂ. ನಿಂತೇ ನಿಲ್ಲುತ್ವೆ ಅಂತ ನಾನು ಮಾತು ಕೊಟ್ಟಿದ್ದೀನಿ."

"ಹೇಗೆ ನಿಲ್ಲಿಸ್ತೀರಿ?"

ಅತ್ತೆ ಬಾಗಿಲ ಸಂದಿಯಲ್ಲಿದ್ದ ಉದ್ದ ಕೋಲು ತೋರಿಸಿದರು. ಅದಕ್ಕೆ ಹಳೆಯ ಟವಲ್ಲು ಸುತ್ತಿತ್ತು. "ಇದರಲ್ಲಿ ಅವುಗಳ ತಲೆ ಸವರು. ಮೆತ್ತಗೆ. ಟ್ರೇಗೆ ಇಪ್ಪತ್ತು ಸಲ, ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ. ಎಲೆ ಒದ್ದೆ ಇದ್ದಾಗ ಮುಟ್ಬೇಡ."

"ತಲೆ ಸವರಿದ್ರೆ?"

"ಗಾಳಿ ಬಂತು ಅಂದ್ಕೊಳ್ಳುತ್ವೆ. ಅಂದ್ಕೊಂಡು ಉದ್ದ ಬೆಳೆಯೋದು ಬಿಟ್ಟು ಕಾಂಡ ದಪ್ಪ ಮಾಡ್ಕೊಳ್ತ್ವೆ."

ನಾನು ಮಾವನ ಕಡೆ ತಿರುಗಿದೆ. ಟೀ ಕುಡಿಯುತ್ತಿದ್ದರು. ಅದೇ ಮುಖ. ನಿನ್ನೆ ಗುಳ್ಳೆ ತರಿಸಿದ ಮುಖ.

ಪಾಪ, ಟೊಮೆಟೊ ಸಸಿ "ಅಂದ್ಕೊಳ್ಳುತ್ತಂತೆ"! ಬಂದವರಿಗೆಲ್ಲ ಇವರು ಇದನ್ನೇ ಮಾಡಿಸಿ, ಕಿಟಕಿಯಲ್ಲಿ ಕೂತು ನೋಡಿ, ರಾತ್ರಿ ಊಟಕ್ಕೆ ಕೂತಾಗ ನಗುತ್ತಾರೆ. ಬರೀ ಎರಡೇ ಟ್ರೇ ಅಂದಿದ್ದರೆ ಬಹುಶಃ ನಂಬುತ್ತಿದ್ದೆ. ನಲವತ್ತು ಟ್ರೇ ಅಂದಾಗಲೇ ಗುಟ್ಟು ಬಯಲಾಯಿತು. ಕುಶಾಲು ಮಾಡುವವರಿಗೆ ಮಿತಿ ಗೊತ್ತಿರಬೇಕು.

ಪ್ರತಿಯುದ್ಧದ ಯೋಜನೆ ಹೀಗಿದೆ. ಕಿಟಕಿಗೆ ಕಾಣುವುದು ಮುಂದಿನ ಮೇಜು ಮಾತ್ರ. ಹಿಂದಿನದು ನೆರಳಿನ ಪರದೆಯ ಆಚೆ. ಆದ್ದರಿಂದ ಮುಂದಿನ ಮೇಜಿನ ಮೇಲೆ ಮಾತ್ರ ಸಕಲ ಮರ್ಯಾದೆಗಳೊಂದಿಗೆ ಸವರುವುದು. ಅವರು ನಗಲಿ. ಕೊನೆಯ ದಿನ ನಾನು ಹೇಳುತ್ತೇನೆ: ಅರ್ಧ ಕೆಲಸ ಮಾತ್ರ ಮಾಡಿದ್ದು, ಯಾರು ಯಾರನ್ನು ಮೂರ್ಖರಾಗಿಸಿದ್ದು ಈಗ ಹೇಳಿ ಅಂತ.

ಮಾರ್ಚ್ 8, ಶನಿವಾರ

ಇಂದು ಹಿಂದಿನ ಮೇಜಿನ ಪ್ರಜೆಗಳಿಗೆ ಈ ಆಜ್ಞೆ ಓದಿ ಹೇಳಿದೆ: "ಸಮಸ್ತ ಸುಕುಮಾರಿಯರಿಗೆ ತಿಳಿಯಪಡಿಸುವುದೇನೆಂದರೆ, ನಿಮ್ಮ ತಲೆಯ ಮೇಲೆ ಯಾರೂ ಟವಲ್ಲು ಆಡಿಸತಕ್ಕದ್ದಲ್ಲ. ಬಾಯಾರುವ ಮೊದಲೇ ನೀರು. ಬಿಸಿಲು ಕಂಡರೆ ಪರದೆ. ವಿಶ್ರಾಂತಿ ನಿಮ್ಮ ಜನ್ಮಸಿದ್ಧ ಹಕ್ಕು." ಯಾರೂ ಆಕ್ಷೇಪ ಎತ್ತಲಿಲ್ಲ. ಅವಿರೋಧವಾಗಿ ಅಂಗೀಕಾರವಾಯಿತು.

ಮುಂದಿನವರ ಪಾಡು ಬೇರೆ. ದಿನಕ್ಕೆರಡು ಸಲ ಕೋಲು ಹಿಡಿದು ಮೆರವಣಿಗೆ. ಪ್ರತಿ ಟ್ರೇಗೂ ಮೊದಲು ತಲೆಬಾಗಿ, "ಅಪ್ಪಣೆಯಾಗಬೇಕು" ಅಂತ ಕೇಳಿ ಸವರುತ್ತೇನೆ. ಕಿಟಕಿಯಲ್ಲಿ ಅತ್ತೆಗೆ ನಗು ತಡೆಯಲಾಗುವುದಿಲ್ಲ. ಸಾಕ್ಷಿ ಇನ್ನೇನು ಬೇಕು?

ಮಧ್ಯಾಹ್ನ ಒಂದು ಗಾಬರಿ. ಮುಂದಿನ ಮೇಜಿನವು ಇದ್ದಕ್ಕಿದ್ದ ಹಾಗೆ ಎಲೆ ಇಳಿಬಿಟ್ಟು ನಿಂತಿದ್ದವು. ಬಕೆಟ್ ಹಿಡಿದು ಓಡಿದೆ. ಕಿಟಕಿಯಿಂದ ಕೂಗು: "ಬಕೆಟ್ ಕೆಳಗಿಡು! ಅವು ಸಾಯ್ತಿಲ್ಲ, ಉಳಿಸ್ಕೊಳ್ತಿವೆ!"

ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆಯಂತೆ. ನೀರು ಸಾಲದು ಅನ್ನಿಸಿದರೆ ಅವನ್ನು ಮುಚ್ಚಿಕೊಂಡು, ಬಿಸಿಲಿಗೆ ಎಲೆ ಒಡ್ಡದೆ ಇಳಿಬಿಟ್ಟುಕೊಂಡು, ಇರುವ ನೀರನ್ನೇ ಕಾಪಾಡಿಕೊಳ್ಳುತ್ತವಂತೆ. ಸಂಜೆ ನೋಡಿದರೆ ಅಷ್ಟೂ ಎದ್ದು ನಿಂತಿದ್ದವು, ಏನೂ ಆಗದವರ ಹಾಗೆ. ಸತ್ತಂತೆ ನಟಿಸಿ ಹೆದರಿಸುವ ಕಲೆ ಇವಕ್ಕೆ ಯಾರು ಹೇಳಿಕೊಟ್ಟರೋ. ಸ್ವಲ್ಪ ಗೌರವ ಹುಟ್ಟಿತು.

ಮಾರ್ಚ್ 12, ಬುಧವಾರ

ಹೊಸ ಪುರಾಣ. ಮುಂದಿನ ಮೇಜಿನ ಮೂಲೆಯಲ್ಲಿ ಒಂದು ಹಸಿರು ಹುಳ ಒಂದು ಎಲೆಯನ್ನು ಮುಕ್ಕಾಲು ಮುಗಿಸಿ ನಾಲ್ಕನೇ ಕಾಲಿಗೆ ಕೈಹಾಕಿತ್ತು. ಕಿಟಕಿಯ ಹತ್ತಿರ ಒಯ್ದು ತೋರಿಸಿದೆ.

"ಹುಳಾನ ಹೊರಗೆ ಹಾಕು. ಆಮೇಲೆ ಆ ಕಚ್ಚಿದ ಎಲೆ ಮೂಸಿ ನೋಡು" ಅಂದರು ಅತ್ತೆ.

ಮೂಸಿದೆ. ಮೂಗಿಗೆ ರಪ್ಪೆಂದು ಹೊಡೆಯುವ ಘಾಟು.

"ಅದು ಅಕ್ಕಪಕ್ಕದವರಿಗೆ ಹೇಳ್ತಿದೆ, ಹುಳ ಬಂದಿದೆ ಅಂತ. ಪಕ್ಕದವು ಆ ವಾಸನೆ ಹಿಡ್ಕೊಂಡು, ತಿನ್ನೋಕೆ ಬಂದವನಿಗೆ ರುಚಿಸದ ಹಾಗೆ ಎಲೆ ತಯಾರು ಮಾಡ್ಕೊಳ್ತ್ವೆ."

"ಅಂದ್ರೆ ಚಾಡಿ ಹೇಳ್ತವೆ?"

"ಚಾಡಿ ಅಲ್ಲ ಕಣೇ, ಕಾಳಜಿ."

ಅತ್ತೆ ಇಂಥ ಕಥೆಗಳನ್ನು ಬರೆಯಲು ಕೂತರೆ ನನ್ನಂಥವರು ನೋಟಿಸ್ ಬೋರ್ಡಿನ ಕಡೆ ತಲೆಹಾಕುವಂತಿಲ್ಲ. ಆದರೂ ಹುಳವನ್ನು ಬೇಲಿಯ ಆಚೆ ಬಿಟ್ಟು ಬಂದ ಮೇಲೆ ಪಕ್ಕದ ಸಸಿಗಳನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದೆ. ಏನೂ ಕಾಣಲಿಲ್ಲ, ಆದರೆ ವಾಸನೆಯ ಮಾತು ಕಣ್ಣಿಗೆ ಹೇಗೆ ಕಂಡೀತು.

ಸಂಜೆ ಗುಡ್ಡದ ಮೇಡಂ ಸಸಿ ನೋಡಲು ಬಂದರು. ಚಪ್ಪಲಿ ಸದ್ದಿಗೇ ನಾನು ನೆಟ್ಟಗೆ ನಿಂತೆ. ಮುಂದಿನ ಮೇಜು ನೋಡಿ, "ಯಾಕೆ ಇಷ್ಟು ಗಿಡ್ಡ?" ಅಂದರು. ಪರದೆ ಸರಿಸಿ ಹಿಂದಿನ ಮೇಜು ನೋಡಿ ಕಣ್ಣರಳಿಸಿದರು. "ಇವು ನೋಡು! ಎಷ್ಟು ಎತ್ತರ, ಎಷ್ಟು ಚೆಂದ! ಇವಕ್ಕೇನು ಹಾಕ್ತೀಯ?"

"ಪ್ರೀತಿ, ಮೇಡಂ" ಅಂದೆ, ಕಣ್ಣು ಮುಚ್ಚಿ.

ಅವರು ಹೋದ ಮೇಲೆ ಸುಕುಮಾರಿಯರಿಗೆ ಈ ಪ್ರಶಂಸೆಯನ್ನು ಓದಿ ಹೇಳಿದೆ.

ಮಾರ್ಚ್ 19, ಬುಧವಾರ

ತಮಾಷೆ ಮಾಡಲು ಇವತ್ತು ಕೈ ಬರುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಅತ್ತೆಯ ಪ್ಲಾಸ್ಟರ್ ಬಿಚ್ಚಿದರು. ಆಸ್ಪತ್ರೆಯಿಂದ ನೇರ ಹಸಿರುಮನೆಗೆ ಬಂದರು, ಮಾವನ ತೋಳು ಹಿಡಿದುಕೊಂಡು. ಮುಂದಿನ ಮೇಜಿನ ಸಸಿಗಳನ್ನು ಅಂಗೈಯಿಂದ ಸವರಿದರು. ಗಿಡ್ಡ, ಗಟ್ಟಿ, ಎಲೆ ಕಡುಹಸಿರು. ಸಣ್ಣ ಮಕ್ಕಳ ತಲೆ ನೇವರಿಸಿದವರ ಹಾಗೆ ನಕ್ಕರು. "ಚೆನ್ನಾಗಿ ಮಾಡಿದ್ದೀಯ ಕಣೇ."

ಆಮೇಲೆ ಪರದೆ ಸರಿಸಿದರು.

ಹಿಂದಿನವು ಮುಂದಿನವುಗಳ ಎರಡರಷ್ಟು ಎತ್ತರ. ಇಷ್ಟು ದಿನ ನಾನು ಅದನ್ನೇ ನೋಡಿ ಬೀಗಿದ್ದು. ಅತ್ತೆ ಬಾಗಿ, ಬಿಸಿ ಹಾಲು ಆರಿಸುವ ಹಾಗೆ, ಒಂದು ಸಲ ಉಫ್ ಅಂತ ಊದಿದರು. ಇಡೀ ಟ್ರೇ ಮಲಗಿಬಿಟ್ಟಿತು. ಏಳಲಿಲ್ಲ.

ಮಾವ ತಕ್ಷಣ ಅತ್ತೆಗೆ, "ನಂದೇ ತಪ್ಪು. ಪರದೆ ಹತ್ತಿರ ಬೇಡ ಅಂದಿದ್ದೆ ನೀನು, ನಾನೇ ಅಲ್ಲಿ ಮೇಜು ಹಾಕಿದ್ದು. ಬೆಳಕು ಸಾಲದೆ ಸೊರಗಿವೆ" ಅಂದರು. ಅದೇ ಮುಖ. ಆ ಮುಖಕ್ಕೆ ಇನ್ನೊಂದು ಉಪಯೋಗವೂ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ಅಲ್ಲ ಅತ್ತೆ, ನಾನು ಇವನ್ನ ಸವರೇ ಇಲ್ಲ" ಅಂದೆ.

"ಒಂದು ಸಲವೂ?"

"ಒಂದು ಸಲವೂ. ನೀವಿಬ್ರೂ ಸೇರಿ ನನ್ನ ಏಮಾರಿಸ್ತಿದ್ದೀರಿ ಅಂದ್ಕೊಂಡೆ. ಗುಳ್ಳೆ ಥರ."

ಅತ್ತೆ ಮಾವನನ್ನು ನೋಡಿದರು. "ಯಾವ ಗುಳ್ಳೆ ರೀ?"

ಮಾವ ಗುಳ್ಳೆಯ ಕಥೆ ಹೇಳಬೇಕಾಯಿತು. ಅತ್ತೆ ನಗಲು ಶುರು ಮಾಡಿದವರು ಕುರ್ಚಿ ಹುಡುಕಿ ಕೂತರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡದ್ದು ಯಾತಕ್ಕೆ ಅಂತ ಹೇಳಲಾರೆ. ಬೈದಿದ್ದರೆ ಹಗುರಾಗುತ್ತಿತ್ತು.

"ಐನೂರು" ಅಂದರು. "ನೆಡೋಕೆ ಇನ್ನು ಎರಡೇ ವಾರ ಇದೆ. ಮೊದಲು ಮೇಡಂಗೆ ಹೇಳ್ಬೇಕು."

"ನಾನು ಹೇಳ್ತೀನಿ."

ಯಾಕೆ ಹಾಗಂದೆನೋ.

ಮಾರ್ಚ್ 20, ಗುರುವಾರ

ಮೂರು ಸಲ ಮೇಡಂ ನಂಬರ್ ಒತ್ತಿ ಕತ್ತರಿಸಿದೆ. ನಾಲ್ಕನೇ ಸಲ ಅವರೇ ತಿರುಗಿ ಮಾಡಿದರು, "ಯಾರದು, ಮಿಸ್ ಕಾಲ್ ಕೊಟ್ಟು ಆಟ ಆಡೋರು?" ಅಂತ. ಜೀವಮಾನದಲ್ಲಿ ಮೊದಲ ಸಲ, ಆಟ ಆಡದೇ ಇದ್ದಾಗ ಸಿಕ್ಕಿಬಿದ್ದೆ.

ಎಲ್ಲ ಹೇಳಿದೆ.

"ಅಂದ್ರೆ, ನಾನು ಅವತ್ತು ಹೊಗಳಿದ್ದು ಬಿದ್ದುಹೋಗೋ ಸಸೀನಾ?"

"ಹೌದು ಮೇಡಂ."

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಮೇಡಂ."

"ಹೇಳಬೇಡ."

ಆಮೇಲೆ ಗಂಟಲು ಸರಿ ಮಾಡಿಕೊಂಡು ಷರತ್ತು ಹಾಕಿದರು. ಸಸಿ ತನ್ನಿ, ಮಕ್ಕಳು ನೆಡಲಿ. ಮೊದಲ ದೊಡ್ಡ ಗಾಳಿ ಕಳೆದ ಮರುದಿನ ಎಣಿಸುವುದು. ತುದಿ ಮಣ್ಣಿಗೆ ತಾಗದ್ದೆಲ್ಲ ನಿಂತಿದ್ದು ಅಂತ ಲೆಕ್ಕ. ಸಾವಿರದಲ್ಲಿ ಏಳುನೂರ ಐವತ್ತು ನಿಂತಿದ್ದರೆ ತೋಟ ಉಳಿಯುತ್ತದೆ. "ಒಂದು ಕಡಿಮೆ ಆದ್ರೂ ಸಿಮೆಂಟು. ಕೆಲಸದವರಿಗೆ ಆಗಲೇ ಹೇಳಿಟ್ಟಿದ್ದೀನಿ."

ಅತ್ತೆ ಕೇಳಿಸಿಕೊಂಡು, "ಹಾಗಾದ್ರೆ ಮಣ್ಣು ಕಲಸು" ಅಂದರು.

ಟೊಮೆಟೊ ಕಾಂಡವನ್ನು ಎಲೆಯವರೆಗೂ ಹೂತರೆ, ಹೂತಷ್ಟು ಕಡೆಯಿಂದಲೂ ಬೇರು ಬಿಡುತ್ತದಂತೆ. ಈ ಸಲ ನಾನು ಯಾರ ಮುಖವನ್ನೂ ನೋಡಲಿಲ್ಲ. ಮಣ್ಣು ಕಲಸಿದೆ.

ಮಾರ್ಚ್ 22, ಶನಿವಾರ

ಮೂರು ದಿನದಲ್ಲಿ ಹಿಂದಿನ ಮೇಜಿನ ನಾನೂರ ಹತ್ತು ಸಸಿ ಟ್ರೇಯಿಂದ ದೊಡ್ಡ ಲೋಟಗಳಿಗೆ. ಬೆನ್ನು ನನ್ನದಲ್ಲ. ಉಗುರೊಳಗಿನ ಮಣ್ಣು ಶಾಶ್ವತ ನಿವಾಸಿ. ನಾಳೆ ತೊಂಬತ್ತು.

ಮಾರ್ಚ್ 27, ಗುರುವಾರ

ಒಂದು ಲೋಟ ಬುಡಮೇಲು ಮಾಡಿ ನೋಡಿದೆವು. ಹೂತ ಕಾಂಡದ ಸುತ್ತ ಬಿಳಿ ಬೇರು, ಮುದುಕನ ಗಡ್ಡದ ಹಾಗೆ ಕುರುಚಲು. ನಾನು ಕಿರುಚಿದ್ದಕ್ಕೆ ಮಾವ ವ್ಯಾನ್ ಬಿಟ್ಟು ಓಡಿ ಬಂದರು, ಹಾವು ಅಂದುಕೊಂಡು.

ಈಗ ಇವಕ್ಕೂ ಟವಲ್ಲು ಶುರುವಾಗಿದೆ. ಮೊದಲ ದಿನ ಐದು ಸಲ, ಮರುದಿನ ಎಂಟು, ಇವತ್ತು ಹನ್ನೆರಡು. "ಒಂದೇ ಸಲ ಇಪ್ಪತ್ತು ಸವರಿದ್ರೆ ಮುರೀತವೆ. ಇಷ್ಟು ದಿನ ಮುದ್ದು ಮಾಡಿ ಈಗ ಏಕಾಏಕಿ ಗಾಳಿ ಅಂದ್ರೆ ಹೇಗೆ?" ಅಂತ ಅತ್ತೆ ಪಕ್ಕದಲ್ಲೇ ನಿಂತು ಎಣಿಸುತ್ತಾರೆ. ಅವರ ಮಣಿಕಟ್ಟಿಗೂ ಡಾಕ್ಟರು ಇದೇ ಥರ ವ್ಯಾಯಾಮ ಕೊಟ್ಟಿದ್ದಾರೆ, ದಿನ ದಿನ ಎರಡೆರಡು ಹೆಚ್ಚು. ಅವರು ಚೆಂಡು ಹಿಸುಕುತ್ತಾರೆ, ನಾನು ಸವರುತ್ತೇನೆ, ಇಬ್ಬರೂ ಒಟ್ಟಿಗೆ "ಹತ್ತು, ಹನ್ನೊಂದು" ಅನ್ನುತ್ತೇವೆ. ಹೊರಗಿನಿಂದ ಯಾರಾದರೂ ನೋಡಿದರೆ ಇಬ್ಬರಿಗೂ ಚಿಕಿತ್ಸೆ ಬೇಕು ಅಂದಾರು.

ಬೆಳಿಗ್ಗೆ ಐದೂವರೆಗೆ ಎಚ್ಚರವಾಗುತ್ತದೆ, ಅಲಾರಂ ಇಲ್ಲದೆ. ಎಲೆಯ ಒದ್ದೆ ಆರಿದೆಯಾ ಅಂತ ಮುಟ್ಟಿ ನೋಡಿ ಬಂದು ಮತ್ತೆ ಮಲಗುತ್ತೇನೆ. ಇದಕ್ಕೇನಾದರೂ ಔಷಧಿ ಇದ್ದೀತು.

ಏಪ್ರಿಲ್ 2, ಬುಧವಾರ

ವ್ಯಾನಿನಲ್ಲಿ ನಾಲ್ಕು ಸುತ್ತು ಸಾಗಿಸಿ ನಮ್ಮ ಸಾವಿರವನ್ನೂ ಗುಡ್ಡ ಹತ್ತಿಸಿದೆವು. ಮುಂದಿನ ಮೇಜಿನವು ಬಾವಿಯ ಕಡೆಯ ಪಾತಿಗಳಿಗೆ, ಹಿಂದಿನವು ಗೋಡೆಯ ಕಡೆಗೆ. ಪಾತಿಗಳ ಪಕ್ಕದಲ್ಲೇ ಸಿಮೆಂಟಿನ ಮೂಟೆಗಳನ್ನು ಪೇರಿಸಿಟ್ಟಿದ್ದರು. ಮಕ್ಕಳು ಅದರ ಮೇಲೆ ಕೂತು ಸರದಿಗೆ ಕಾಯುತ್ತಿದ್ದರು.

"ಕುತ್ತಿಗೆಯವರೆಗೆ ಹೂಳಬೇಕು" ಅಂತ ನಾನು ತೋರಿಸಿಕೊಟ್ಟೆ. ಒಬ್ಬಳು ಸಸಿಯನ್ನು ಹೂತು, ಬಾಗಿ ಅದಕ್ಕೇನೋ ಪಿಸುಗುಟ್ಟಿದಳು. ಏನು ಹೇಳಿದಳು ಅಂತ ಕೇಳಲಿಲ್ಲ. ಅದು ಅವರಿಬ್ಬರಿಗೆ ಬಿಟ್ಟದ್ದು.

ಇಳಿಯುವಾಗ ಮಾವ, "ಆ ಗೋಡೆ ಸ್ವಲ್ಪ ಗಾಳಿ ತಡೆಯುತ್ತೆ, ಅಲ್ವಾ?" ಅಂದರು. ಗೋಡೆ ಮೊಣಕಾಲೆತ್ತರ. "ತಡೆಯುತ್ತೆ ಮಾವ" ಅಂದೆ.

ಏಪ್ರಿಲ್ 6, ಭಾನುವಾರ

ಮೊನ್ನೆ ಸಂಜೆ ಎದ್ದ ಗಾಳಿ ನಿನ್ನೆ ಮಧ್ಯಾಹ್ನದವರೆಗೂ ಬೀಸಿತು. ಹಸಿರುಮನೆಯ ಪ್ಲಾಸ್ಟಿಕ್ಕು ಪಟಪಟ ಹೊಡೆದುಕೊಳ್ಳುತ್ತಿತ್ತು. ಊಟಕ್ಕೆ ಕೂತಾಗ ಮೂವರೂ ಅದೂ ಇದೂ ಮಾತಾಡಿದೆವು, ಗಾಳಿಯ ಸುದ್ದಿ ಬಿಟ್ಟು.

ಬೆಳಿಗ್ಗೆ ಏಳಕ್ಕೆ ಗುಡ್ಡದಲ್ಲಿದ್ದೆವು. ಭಾನುವಾರ, ಮಕ್ಕಳಿಲ್ಲ. ಮೇಡಂ ಒಬ್ಬರೇ ನಿಂತಿದ್ದರು, ಕೈಯಲ್ಲಿ ಪೆನ್ಸಿಲ್ಲು, ಚೀಟಿ.

"ಬಾವಿ ಕಡೆ ನಾನು ಎಣಿಸ್ತೀನಿ. ಗೋಡೆ ಕಡೆ ಯಾರದು?"

"ನಂದು" ಅಂದೆ.

ದೂರದಿಂದ ನೋಡಿದಾಗ ಎಲ್ಲ ಬಿದ್ದಿವೆ ಅಂತಲೇ ಕಂಡಿತು. ಹತ್ತಿರ ಹೋದರೆ ಹಾಗಲ್ಲ. ಕೆಲವು ನೆಟ್ಟಗಿದ್ದವು. ಕೆಲವು ಓರೆಯಾಗಿದ್ದರೂ ತುದಿ ಮೇಲಿತ್ತು. ಉಳಿದವು ಮಣ್ಣಿಗೆ ಮುಖವಿಟ್ಟು ಮಲಗಿದ್ದವು. ಬಗ್ಗಿ ಬಗ್ಗಿ ಎಣಿಸಿದೆ. ಇನ್ನೂರ ಅರವತ್ತಾರು. ಇನ್ನೊಮ್ಮೆ ಎಣಿಸಿದೆ, ಅಷ್ಟೇ. ಮೇಡಂ ಆ ಕಡೆಯಿಂದ ಕೂಗಿದರು: "ನಾನೂರ ಎಂಬತ್ತಮೂರು!"

ಮನಸ್ಸಿನಲ್ಲೇ ಕೂಡಿದೆ. ಏಳುನೂರ ನಲವತ್ತೊಂಬತ್ತು.

ಕಾಲ ಬುಡದಲ್ಲೇ ಒಂದು ಮಲಗಿತ್ತು. ಒಂದು ಚಿಟಿಕೆ ಮಣ್ಣು ಒತ್ತಿದರೆ ಅದರ ತುದಿ ಎರಡು ಬೆರಳು ಮೇಲೇಳುತ್ತಿತ್ತು. ಅತ್ತೆ ಬೆನ್ನು ತಿರುಗಿಸಿದ್ದರು. ಮಾವ ವ್ಯಾನಿನ ಹತ್ತಿರ. ಮೇಡಂ ಚೀಟಿಯಲ್ಲಿ ಬರೆಯುತ್ತಿದ್ದರು. ಕೂತೆ. ಬೆರಳು ಮಣ್ಣಿಗೆ ತಾಗಿಸಿದೆ. ತಮಾಷೆಗಾಗಿ ಇದಕ್ಕಿಂತ ಎಷ್ಟೋ ದೊಡ್ಡದನ್ನು ಮಾಡಿದವಳು ನಾನು. ಕೈ ಹಿಂದಕ್ಕೆ ಬಂತು, ಅಷ್ಟೇ. ಯಾಕೆ ಅಂತ ಬರೆಯಲು ಕೂತರೆ ಕಾರಣ ಸಿಗುತ್ತಿಲ್ಲ.

"ಇನ್ನೂರ ಅರವತ್ತಾರು ಮೇಡಂ."

ಪೆನ್ಸಿಲ್ಲು ಓಡಿತು, ನಿಂತಿತು. ಮೇಡಂ ಚೀಟಿ ನೋಡಿದರು, ನನ್ನನ್ನು ನೋಡಿದರು, ನನ್ನ ಬೆರಳಿಗಂಟಿದ ಮಣ್ಣನ್ನು ನೋಡಿದರು. ಆಮೇಲೆ ಕಾಲ ಬುಡದ ಆ ಸಸಿಯನ್ನು. ಅದು ಬಿದ್ದ ಹಾಗೇ ಬಿದ್ದಿತ್ತು.

"ನಾನು ಕನ್ನಡಕ ಹಾಕ್ಕೊಂಡಿರ್ಲಿಲ್ಲ" ಅಂದರು. ಬಾವಿ ಕಡೆಗೆ ಹೋಗಿ, ಕನ್ನಡಕ ಏರಿಸಿ, ಸಾಲು ಸಾಲಾಗಿ ನಡೆದು, ವಾಪಸು ಬಂದರು. "ನಾನೂರ ಎಂಬತ್ತನಾಲ್ಕು. ಒಂದು ಎಲೆ ಮರೆಯಲ್ಲಿತ್ತು."

"ಸರಿಯಾಗಿ ಎಣಿಸಿದ್ರಾ ಮೇಡಂ?"

"ಅನುಮಾನ ಇದ್ರೆ ಹೋಗಿ ಎಣಿಸು."

ನಾನು ಹೋಗಲಿಲ್ಲ. ಅತ್ತೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು, ಮುರಿದ ಕೈಯಿಂದಲೂ.

ಮಲಗಿದ್ದವನ್ನು ಕಿತ್ತು ಹಾಕುವುದೇ ಅಂತ ಮೇಡಂ ಕೇಳಿದರು. ಬೇಡ, ಕಾಂಡ ಮಣ್ಣಿಗೆ ತಾಗಿದ ಕಡೆ ಬೇರು ಬಿಡುತ್ತದೆ, ಮೇಲೆ ಮಣ್ಣು ಹೊದಿಸಿದರೆ ಸಾಕು ಅಂತ ವಿವರಿಸಿದೆ. ಹೇಳಿ ಮುಗಿದ ಮೇಲೆ ನೋಡಿದರೆ, ಉತ್ತರ ಕೊಡಬೇಕಿದ್ದ ಅತ್ತೆ ಬಾಯಿ ತೆರೆದು ನಿಂತಿದ್ದರು. ನಾಲ್ವರೂ ಮೊಣಕಾಲೂರಿ ಹೊದಿಸುತ್ತಾ ಹೋದೆವು. ಮುಗಿಯುವ ಹೊತ್ತಿಗೆ ಹನ್ನೊಂದು ದಾಟಿತ್ತು. ಅಷ್ಟರಲ್ಲಿ ಇನ್ನೊಂದು ಗಾಳಿ ಕೆಳಗಿನಿಂದ ಎದ್ದು ಬಂತು. ಎಲ್ಲರೂ ಎದ್ದು ನಿಂತು ನೋಡಿದೆವು. ನಿಂತಿದ್ದ ಸಾಲುಗಳೆಲ್ಲ ಒಟ್ಟಿಗೆ ಬಾಗಿದವು, ಒಟ್ಟಿಗೆ ಎದ್ದವು.

ಮೇಡಂ ಸಿಮೆಂಟಿನವನಿಗೆ ಬೇಡ ಅಂತ ಫೋನ್ ಮಾಡಲು ಒಳಗೆ ಹೋದರು.

ಮುಂದಿನ ಭಾನುವಾರ ಮತ್ತೆ ಹೋಗಬೇಕು, ಹೂತವು ಬೇರು ಬಿಟ್ಟಿವೆಯಾ ನೋಡಲು. ಯಾರೂ ಕರೆದಿಲ್ಲ.